ಹೆಸರಿಲ್ಲದ ಜಾಕ್

ಪಿಕಪ್ಪಿನಿಂದ ಇಳಿಬಿಟ್ಟ ಹಲಗೆಯ ಮೇಲೆ ಕಾರೆತ್ತುವ ಜಾಕಿನ ಮುಂಗಾಲಿ ಜಾರಿ ಚರ್ಚಿನ ಹೂಪಾತಿಗೆ ನುಗ್ಗಿದಾಗ ನಾಲ್ಕು ಮುದುಕರೂ ಒಟ್ಟಿಗೆ ಕೂಗಿಕೊಂಡರು. ನಾಲ್ವರ ವಯಸ್ಸೂ ಸೇರಿದರೆ ಮುನ್ನೂರು ದಾಟುತ್ತಿತ್ತು. ಮೈಮೇಲೆ ಮಣ್ಣಿಗೆ ಹೋಗಿ ಬಂದ ಕಪ್ಪು ಕೋಟು, ಎದುರಿಗೆ ನೂರು ಕಿಲೋ ಎರಕದ ಕಬ್ಬಿಣ.

"ಹಿಂದಕ್ಕೆ ಎಳೀರಿ, ಹಿಂದಕ್ಕೆ," ಎಂದ ಗಾರ್ತ್. ಅವನು ಹಳೆ ಗಾಲಿ ಜಾಕು ಕೂಡಿಡುವವರ ಸಂಘದ ಅಧ್ಯಕ್ಷ. ತಾನು ಎಳೆಯುವುದಕ್ಕಿಂತ ಬೇರೆಯವರಿಂದ ಎಳೆಸುವುದರಲ್ಲೇ ಹೆಸರು ಮಾಡಿದವನು.

"ಎಳೀತಾನೇ ಇದೀನಲ್ಲೋ ಮಾರಾಯ. ನೀನು ಮೊದಲು ಆ ಹೂವಿನ ಮೇಲಿಂದ ಕಾಲು ತೆಗಿ," ಎಂದ ವೆಂಡೆಲ್.

"ಒಂದೇ ಕೈಲಿ ಎಳೀತಿದೀಯಲ್ಲ. ಇನ್ನೊಂದು ಕೈ ಯಾಕೆ ಎದೆ ಮೇಲೆ? ನೋವಾ?"

"ನೋವೂ ಇಲ್ಲ ಗೀವೂ ಇಲ್ಲ. ಎಳಿ ಸುಮ್ನೆ."

ವೆಂಡೆಲ್‌ನ ಕೋಟಿನ ಒಳಜೇಬಿನಲ್ಲಿ ಮಡಚಿದ ಒಂದು ಹಳೆ ಹಾಳೆಯಿತ್ತು. ಬಗ್ಗಿದಾಗ ಅದೆಲ್ಲಿ ಹೊರಗೆ ಬೀಳುತ್ತದೋ ಎಂದು ಅವನಿಗೆ ಬೆಳಗಿನಿಂದ ಜೀವ ಕೈಯಲ್ಲಿತ್ತು.

ಎಲ್ರಾಯ್‌ನನ್ನು ಹತ್ತೂವರೆಗೆ ಮಣ್ಣು ಮಾಡಿದ್ದರು. ಚರ್ಚಿನ ನೆಲಮಾಳಿಗೆಯಲ್ಲಿ ಹ್ಯಾಮ್ ಬನ್ನು, ಆಲೂಗಡ್ಡೆ ಸಲಾಡು, ಕಾಫಿ ಮುಗಿದಿತ್ತು. ಇನ್ನುಳಿದದ್ದು ಸಂಘದವರು 'ಕೊನೆಯ ಎತ್ತು' ಎನ್ನುವ ಶಾಸ್ತ್ರ. ಸಂಘದವನೊಬ್ಬ ಸತ್ತರೆ ಅವನ ಕಾರನ್ನು ಅವನದೇ ಜಾಕಿನಲ್ಲಿ ಎತ್ತಬೇಕು, ಬಂದವರೆಲ್ಲ ಹಿಡಿಯನ್ನು ಒಂದೊಂದು ಸಲ ಒತ್ತಬೇಕು. ಎತ್ತುವ ಮೊದಲು ಆ ಜಾಕು ಯಾರ ಕಾರ್ಖಾನೆಯದು ಎಂದು ಎಲ್ಲರೆದುರು ಗಟ್ಟಿಯಾಗಿ ಹೇಳಬೇಕು. ಹೆಸರು ಗೊತ್ತಿಲ್ಲದ ಜಾಕಿನಲ್ಲಿ ಎತ್ತುವ ಹಾಗಿಲ್ಲ. ಎಲ್ರಾಯ್‌ನ ಶೆಡ್ಡಿನಲ್ಲಿ ವಾಕರ್, ಬ್ಲ್ಯಾಕ್‌ಹಾಕ್, ಹೈನ್-ವರ್ನರ್ ಎಂದು ಹೆಸರು ಹೊತ್ತ ನಲವತ್ತು ಜಾಕುಗಳಿದ್ದವು. ಆದರೆ ಪುಣ್ಯಾತ್ಮ ಬರೆದಿಟ್ಟು ಹೋದದ್ದು ನಲವತ್ತೊಂದನೆಯದನ್ನು, ಹೆಸರಿಲ್ಲದ್ದನ್ನು.

ಪಾರ್ಕಿಂಗ್ ಜಾಗದಲ್ಲಿ ಅವನ ಬ್ಯೂಯಿಕ್ ಕಾರಿನ ಸುತ್ತ ಮೂವತ್ತು ಮಂದಿ ಜಮಾಯಿಸಿದ್ದರು. ಸಾವಿನ ಗಾಂಭೀರ್ಯವೆಲ್ಲ ಅಷ್ಟರಲ್ಲೇ ಹಾರಿಹೋಗಿತ್ತು. ಟೈ ಹೆಗಲ ಮೇಲೆ ಎಸೆದುಕೊಂಡು, ಮೊಣಕಾಲೂರಿ, ಟಾರ್ಚು ಬಿಟ್ಟು ನೋಡುವವರೇ ಎಲ್ಲ.

"ಗಾಲೀಲಿ ಆರು ಕಡ್ಡಿ. ಕೆಸ್ಲರ್‌ದೇ ಇದು, ಬರೆದುಕೊಡ್ತೀನಿ."

"ಗಾಲಿ ಯಾರು ಬೇಕಾದ್ರೂ ಹಾಕ್ಬಹುದು. ಹೆಸರಿನ ತಗಡಿದ್ದ ತೂತು ನೋಡು. ವಜ್ರದಾಕಾರ. ಇದು ಲಿಂಡ್‌ಮಾರ್ಕ್."

"ಅಯ್ಯೋ, ಕೆಳಗೆ ಯಾರೋ ಹೊಸ ಬಣ್ಣ ಬಳ್ದಿದಾರೆ ಕಣ್ರೋ."

ಹಳೆ ಬಣ್ಣದ ಮೇಲೆ ಹೊಸದು ಬಳಿಯುವುದು ಸಂಘದಲ್ಲಿ ಮಹಾಪಾಪ. ಅಷ್ಟೂ ತಲೆಗಳು ವಿಧವೆಯ ಕಡೆ ತಿರುಗಿದವು. ಬರ್ನಿಸ್ ಕಾಫಿ ಲೋಟ ಹಿಡಿದು ನಿಂತಿದ್ದಳು.

"ನನ್ನನ್ನೇನು ನೋಡ್ತೀರಿ? ವಸಂತ ಬಂದ್ರೆ ಸಾಕು, ನಮ್ಮನೆಯವರು ಬೂದುಬಣ್ಣದ ಡಬ್ಬಿ ಹಿಡ್ಕೊಂಡು ಇದರ ಹೊಟ್ಟೆ ಕೆಳಗೆ ಮಲಗಿಬಿಡ್ತಿದ್ರು. ಮೇಲೆಲ್ಲ ತುಕ್ಕು, ಕೆಳಗೆ ಮಾತ್ರ ಶೃಂಗಾರ. ಕೇಳಿದ್ರೆ, ನಿನಗರ್ಥ ಆಗಲ್ಲ ಅಂತಿದ್ರು."

ಎಲ್ಲರೂ ನಕ್ಕರು. ವೆಂಡೆಲ್ ಕೂಡ ನಕ್ಕ, ಜೇಬಿನ ಮೇಲಿನ ಕೈ ತೆಗೆಯದೆ.

*

ಎಂಬತ್ತೊಂಬತ್ತನೆಯ ಇಸವಿಯಲ್ಲಿ ಬೆಲಾಯ್ಟ್ ಹತ್ತಿರ ಬಾಗಿಲು ಹಾಕಿದ ಒಂದು ಗ್ಯಾರೇಜಿನ ಹರಾಜು. ಒಡೆದ ಟೈರುಗಳ ರಾಶಿಯಡಿ ಜಾಕಿನ ಹಿಡಿ ಕಂಡದ್ದೇ ತಡ, ಇಬ್ಬರು ಅಪರಿಚಿತರು ಎರಡು ಕಡೆಯಿಂದ ಅದನ್ನು ಹಿಡಿದರು. ಒಬ್ಬ ವೆಂಡೆಲ್, ಇನ್ನೊಬ್ಬ ಎಲ್ರಾಯ್. ಬಿಡು ಎಂದರೆ ಇಬ್ಬರೂ ಬಿಡಲಿಲ್ಲ. ಕೊನೆಗೆ ನಾಣ್ಯ ಚಿಮ್ಮಿದರು, ಎಲ್ರಾಯ್ ಗೆದ್ದ. ಹೆಸರಿನ ತಗಡು ಕಿತ್ತುಹೋಗಿ ನಾಲ್ಕು ತೂತು ಮಾತ್ರ ಉಳಿದಿತ್ತು.

"ಒಳ್ಳೇ ಕೆಸ್ಲರ್ ಸಿಕ್ತು ನಿನಗೆ," ಎಂದ ವೆಂಡೆಲ್, ಹೊಟ್ಟೆಕಿಚ್ಚು ನುಂಗಿಕೊಂಡು.

"ಕೆಸ್ಲರಾ? ಕಣ್ಣು ತೋರಿಸ್ಕೊ ಹೋಗು. ಲಿಂಡ್‌ಮಾರ್ಕ್ ಇದು."

"ಗುರುವಾರ ನಿಮ್ಮನೆಗೆ ಬರ್ತೀನಿ. ಪುಸ್ತಕ ತಂದು ತೋರಿಸ್ತೀನಿ."

ಆ ಗುರುವಾರ ಬಂದವನು ಮೂವತ್ತನಾಲ್ಕು ವರ್ಷ ಗುರುವಾರ ತಪ್ಪಿಸಲಿಲ್ಲ. ಬರ್ನಿಸ್ ಕಾಫಿ ಇಡುತ್ತಿದ್ದಳು, ಇವರು ಜಾಕಿನ ಎರಡು ಬದಿ ಕುಕ್ಕರಿಸಿ ಕಿತ್ತಾಡುತ್ತಿದ್ದರು. ಅದರಲ್ಲಿ ಕಾರು ಎತ್ತಿ ನೋಡೋಣ ಎಂದರೆ ಮಾತ್ರ ಎಲ್ರಾಯ್ ಒಪ್ಪುತ್ತಿರಲಿಲ್ಲ. ಆಯಿಲ್ ಸೀಲು ಹೋಗಿದೆ, ಒತ್ತಿದರೆ ಎಣ್ಣೆಯೆಲ್ಲ ಸೋರುತ್ತದೆ ಎನ್ನುತ್ತಿದ್ದ.

*

"ಹೆಸರು ಹೇಳದೆ ಎತ್ತೋ ಹಾಗಿಲ್ಲ," ಎಂದು ಗಾರ್ತ್ ಗಂಟಲು ಸರಿಮಾಡಿಕೊಂಡ. "ಓದಮ್ಮ ಬರ್ನಿಸ್, ಅವನೇನು ಬರೆದಿದಾನೆ."

ಬರ್ನಿಸ್ ಚೀಟಿ ಬಿಡಿಸಿದಳು. "ಹೆಸರಿಲ್ಲದ್ದನ್ನೇ ತನ್ನಿ. ಹೆಸರು ವೆಂಡೆಲ್ ಹೇಳಲಿ. ಅವನು ಏನು ಹೇಳಿದರೂ ಅದೇ. ಯಾರೂ ಎದುರಾಡಬೇಡಿ."

ಗುಂಪಿನಲ್ಲಿ ಗದ್ದಲವೆದ್ದಿತು. ಕೆಸ್ಲರ್ ಕಡೆಯವರು ಒಬ್ಬರ ಬೆನ್ನು ಒಬ್ಬರು ತಟ್ಟಿಕೊಂಡರು.

"ಇಷ್ಟು ವರ್ಷ ಜಗಳಾಡಿ ಹೋಗ್ತಾ ಸೋಲು ಒಪ್ಕೊಂಡ್ನಾ?" ಎಂದ ಗಾರ್ತ್. "ಹೇಳಯ್ಯ ವೆಂಡೆಲ್. ನಿನ್ನ ದಿನ ಇದು."

ವೆಂಡೆಲ್‌ನ ಕೈ ಜೇಬಿನ ಮೇಲೇ ಇತ್ತು. ಒಂದು ಮಾತು ಸಾಕಿತ್ತು. ಅವನು ಕೆಸ್ಲರ್ ಎಂದರೆ ಅದು ಸಂಘದ ಪುಸ್ತಕ ಸೇರಿ ಶಾಶ್ವತವಾಗಿ ಉಳಿಯುತ್ತಿತ್ತು, ಹಾಳೆಯನ್ನು ರಾತ್ರಿ ಒಲೆಗೆ ಹಾಕಿದರೆ ಮುಗಿಯುತ್ತಿತ್ತು.

*

ಹಾಳೆ ಸಿಕ್ಕಿದ್ದು ಹೋದ ವರ್ಷದ ಹಿಂದಿನ ವರ್ಷ, ಎಲ್ಕ್‌ಹಾರ್ನ್ ಸಂತೆಯಲ್ಲಿ. ಹಳೆ ಕ್ಯಾಟಲಾಗಿನಿಂದ ಹರಿದ ಪುಟ. ಅದೇ ಜಾಕು, ಅದೇ ಆರು ಕಡ್ಡಿಯ ಗಾಲಿ, ವಜ್ರದಾಕಾರದ ತಗಡು, ಕೆಳಗೆ ದಪ್ಪ ಅಕ್ಷರದಲ್ಲಿ ಲಿಂಡ್‌ಮಾರ್ಕ್, ರಾಕ್‌ಫರ್ಡ್. ಎಲ್ರಾಯ್ ಗೆದ್ದಿದ್ದ.

ಅವತ್ತು ಬುಧವಾರ. ವೆಂಡೆಲ್ ಹಾಳೆಯನ್ನು ಪಕ್ಕದ ಸೀಟಿನಲ್ಲಿಟ್ಟುಕೊಂಡು ಮನೆಗೆ ಬಂದ, ನಾಳೆ ತೋರಿಸೋಣ ಎಂದುಕೊಂಡ. ಹೆಂಡತಿ ಹೋದ ಮೇಲೆ ಅವನ ಅಡಿಗೆಮನೆಯಲ್ಲಿ ಒಂದೇ ಕುರ್ಚಿ ಎಳೆದಿರುತ್ತಿತ್ತು. ಅದರ ಮೇಲೆ ಕೂತು ಹಾಳೆ ನೋಡುತ್ತಿದ್ದಂತೆ ಅವನಿಗೆ ನಿಜಕ್ಕೂ ಹೆದರಿಕೆಯಾಯಿತು. ಜಗಳ ತೀರಿದ ಮೇಲೆ ಗುರುವಾರ ಯಾಕೆ ಹೋಗಬೇಕು? ಹಾಳೆ ಮೀನಿನ ಗಾಳದ ಪೆಟ್ಟಿಗೆ ಸೇರಿತು. ಮರುದಿನ ಹೋಗಿ ಆರು ಕಡ್ಡಿಯ ಬಗ್ಗೆ ಎಂದಿಗಿಂತ ಜೋರಾಗಿ ವಾದಿಸಿದ.

*

"ಲಿಂಡ್‌ಮಾರ್ಕ್," ಎಂದ ವೆಂಡೆಲ್.

ಯಾರಿಗೂ ಕೇಳಿಸಲಿಲ್ಲ. ಇನ್ನೊಮ್ಮೆ ಗಟ್ಟಿಯಾಗಿ ಹೇಳಿ ಹಾಳೆ ಹೊರತೆಗೆದ. ಅದು ಕೈಯಿಂದ ಕೈಗೆ ಓಡಿತು. ಮೂವತ್ತು ಮಂದಿ ಒಬ್ಬರ ಹೆಗಲ ಮೇಲೊಬ್ಬರು ಬಗ್ಗಿ ನೋಡಿದರು, ಯಾರೋ ಟೋಪಿ ಮೇಲಕ್ಕೆ ಎಸೆದ.

"ಇದು ಯಾವಾಗ ಸಿಕ್ತೋ ನಿನಗೆ?" ಎಂದ ಗಾರ್ತ್.

"ಒಂದೂಮುಕ್ಕಾಲು ವರ್ಷ ಆಯ್ತು." ವೆಂಡೆಲ್ ಬರ್ನಿಸ್ ಕಡೆ ತಿರುಗಿದ. "ಬಚ್ಚಿಟ್ಟಿದ್ದೆ. ಅವನು ಗೆದ್ದಿದ್ದು ಅವನಿಗೇ ತಿಳಿಯೋಕೆ ಬಿಡ್ಲಿಲ್ಲ. ತಪ್ಪಾಯ್ತು ನಂದು. ಗುರುವಾರ ತಪ್ಪಿಹೋಗುತ್ತೇನೋ ಅಂತ..."

ಬರ್ನಿಸ್ ಲೋಟ ಹಿಡಿದ ಕೈಯಿಂದಲೇ ಕಾರಿನ ಕಡೆ ತೋರಿಸಿದಳು. "ಮೊದಲು ಕಾರು ಎತ್ತಿ ವೆಂಡೆಲ್," ಎಂದಳು. "ಕಾಫಿ ಆರ್ತಾ ಇದೆ."

ಗಾರ್ತ್ ಹೆಸರು ಕೂಗಿದ. ಎಣ್ಣೆ ಸೋರಿದರೆ ಇರಲಿ ಎಂದು ಒಬ್ಬ ಚಿಂದಿಬಟ್ಟೆ ಹಿಡಿದು ನಿಂತ. ಮೊದಲ ಒತ್ತು ಬರ್ನಿಸ್‌ಳದು. ಜಾಕು ಒಂದು ಸದ್ದೂ ಮಾಡದೆ, ಒಂದು ಹನಿಯೂ ಸೋರದೆ ಮೇಲೆದ್ದಿತು.

"ಸೀಲು ಹೊಸದಿದ್ದ ಹಾಗಿದೆಯಲ್ಲೋ," ಎಂದ ಚಿಂದಿಯವನು.

ಎರಡು, ಐದು, ಒಂಬತ್ತು ಒತ್ತು. ಬ್ಯೂಯಿಕ್‌ನ ಮೂತಿ ಮೇಲೇರಿದಂತೆ ಜನ ಚಪ್ಪಾಳೆ ತಟ್ಟಿ ಎಣಿಸತೊಡಗಿದರು. ಪಕ್ಕದಲ್ಲಿ ಮೊಣಕಾಲೂರಿ ಕೂತು ಜಾಕು ಸರಿಯಾಗಿ ಕೂತಿದೆಯೋ ನೋಡುವುದು ವೆಂಡೆಲ್‌ನ ಪಾಲಿಗೆ ಬಂದಿತ್ತು. ಎತ್ತುವ ತೋಳು ನೆಟ್ಟಗಾದಾಗ ಅದರ ಕೆಳಮೈ ಅವನಿಗೆ ಮೊದಲ ಸಲ ಕಂಡಿತು. ಎಲ್ಲ ಕಡೆ ತುಕ್ಕು, ಅಂಗೈಯಗಲ ಜಾಗದಲ್ಲಿ ಮಾತ್ರ ಬೂದುಬಣ್ಣ. ಅದರ ಒಂದು ಮೂಲೆ ಚಕ್ಕೆ ಎದ್ದು ಪದರದ ಮೇಲೆ ಪದರ ಕಾಣುತ್ತಿತ್ತು. ಹತ್ತು ಪದರವಾದರೂ ಇದ್ದಾವು, ಹದಿನೈದು ಇರಬಹುದು, ಇಪ್ಪತ್ತೂ ಇರಬಹುದು.

ಅವನು ಹೆಬ್ಬೆರಳು ಇಟ್ಟು ಮೆಲ್ಲಗೆ ಸವರಿದ. ಬಣ್ಣದಡಿ ಎರಕದಲ್ಲೇ ಎದ್ದ ಅಕ್ಷರಗಳು ಬೆರಳಿಗೆ ಸಿಕ್ಕವು. ಮೊದಲನೆಯದನ್ನು ಮುಟ್ಟಿದ, ಎರಡನೆಯದನ್ನು ಮುಟ್ಟಿದ, ಕೊನೆಯದರವರೆಗೂ ಹೋದ: ಲಿಂಡ್‌ಮಾರ್ಕ್. ಎಲ್ರಾಯ್‌ಗೂ ಗೊತ್ತಿತ್ತು, ಅವನೂ ಬಚ್ಚಿಟ್ಟಿದ್ದ ಎಂದು ಹೊಳೆದು ನಗು ಬಂತು.

"ಏನಯ್ಯ, ಕೆಳಗೇನಾದ್ರೂ ಕಾಣಿಸ್ತಾ?" ಎಂದು ಗಾರ್ತ್ ಮೇಲಿನಿಂದ ಕೂಗಿದ.

ವೆಂಡೆಲ್ ಗಾಲಿಯ ಅಚ್ಚಿನಿಂದ ಬೆರಳ ತುಂಬ ಗ್ರೀಸು ತೆಗೆದು, ಚಕ್ಕೆ ಎದ್ದ ಮೂಲೆಗೆ ದಪ್ಪಗೆ ಮೆತ್ತಿದ.

"ಏನೂ ಇಲ್ಲ," ಎಂದ. "ಒತ್ರೋ, ಇನ್ನೂ ಒತ್ರಿ."