ಮುಂದೆ ಹೋಗಿ ನೋಡಿ ಬರುವವರು

೧.
ಈ ಕಥೆಯನ್ನು ಎಲ್ಲಿಂದ ಶುರು ಮಾಡಬೇಕೋ ತಿಳಿಯುತ್ತಿಲ್ಲ. ಮಸಗುಪ್ಪಿಯ ಸತ್ತೆವ್ವನಿಂದ ಶುರು ಮಾಡಲೇ, ಅವಳ ಹೆಸರಿಗೆ ಬಂದ ಇಮೇಲಿನಿಂದಲೇ? ಇಮೇಲ್ ಅಂದರೆ ನೀವು ಪುಟ ತಿರುವಿಬಿಡುತ್ತೀರಿ. ಸರಿ, ಸತ್ತೆವ್ವನೇ ಇರಲಿ. ಐವತ್ತೆರಡು ವರ್ಷ, ಕುರಿ ಕಾಯುವ ಮನೆತನ, ಈವರೆಗೆ ರೈಲು ಹತ್ತಿದವಳಲ್ಲ. ದೂರದ ದೊಡ್ಡ ಊರೊಂದರಲ್ಲಿ ಕುರಿಗಾರರ ಸಮ್ಮೇಳನವಿದೆ. ಅಲ್ಲಿ ಹತ್ತು ನಿಮಿಷ ಮಾತಾಡಲು ಅವಳನ್ನು ಕರೆದಿದ್ದಾರೆ.

(ಆ ಊರಿನ ಹೆಸರು ಕೇಳಬೇಡಿ. ಹೇಳದಿರುವ ಕಾರಣ ನಾಚಿಕೆಗೇಡಿನದು. ಆಮೇಲೆ ಹೇಳುತ್ತೇನೆ.)

೨.
ಮೊದಲ ಡ್ರಾಫ್ಟ್. ಇಮೇಲಿನ ಕೊನೆಗೆ ಒಂದು ಸೂಚನೆ: ಬರುವ ಮುನ್ನ ನಮ್ಮ ನಗರದ ಲೋಕಲ್ ಕಾಂಟೆಕ್ಸ್ಟ್, ಅಂದರೆ ಊರಿನ ಒಳಹೊರಗು, ತಿಳಿದುಕೊಂಡು ಬನ್ನಿ. ಕೆಳಗೆ ಲಿಂಕ್. ಗೋಕಾಕದಲ್ಲಿ ಬಿ.ಎಡ್. ಓದುತ್ತಿರುವ ಮಗಳು ದೀಪಾ ಅದನ್ನು ತೆರೆದು ಕನ್ನಡ ಮಾಡಿ ಹೇಳಿದಳು. ಮ್ಯೂಸಿಯಂ, ಕೆರೆ, ಹಲ್ವಾ, ಹವಾಮಾನ.

"ಇಲ್ಲಿ ಮಂದಿ ಭಾಳ ಚಲೋ ಅದಾರ ಅಂತ ಬರದಾರಬೇ."

"ಯಾರ ಬರದಾರ?"

"ಅದ ಊರವರು."

"ತಮ್ಮ ಮಸರ ಹುಳಿ ಅಂತ ಯಾರರ ಅಂತಾರೇನ? ನೀರ ಎಲ್ಲಿ ಸಿಗತೈತಿ ಕೇಳು. ನಾಯಿ ಹೆಂಗ ಅದಾವು? ಹೊಸಬರನ್ನ ಕಂಡ್ರ ಯಾರಿಗೆ ಸಿಟ್ಟ ಬರತೈತಿ?"

ದೀಪಾ ಪುಟವನ್ನು ತಳದವರೆಗೂ ಜಗ್ಗಿದಳು. ಅದ್ಯಾವುದೂ ಇರಲಿಲ್ಲ.

(ಗೋಕಾಕದ ಬಗ್ಗೆ ಇಂಥ ಪುಟ ಮಾಡು ಅಂದರೆ ನಾನೂ ಫಾಲ್ಸ್, ಕರದಂಟು ಅಂತಲೇ ಬರೆಯುತ್ತಿದ್ದೆ. ಚಹಾ ಕುಡಿಯದೆಯೇ ಕುಳಿತುಕೊಳ್ಳಲು ಬಿಡುವ ಹೋಟೆಲ್ ಯಾವುದು ಅಂತ ಬರೆಯುತ್ತಿರಲಿಲ್ಲ. ನನಗದು ಗೊತ್ತು. ಹೇಳುವುದಿಲ್ಲ, ನೀವೆಲ್ಲ ಹೋಗಿ ಕೂತುಬಿಡುತ್ತೀರಿ.)

೩.
ಇಲ್ಲಿ ಒಂದು ಮಾತು ಹೇಳದಿದ್ದರೆ ನೀವು ಸತ್ತೆವ್ವನನ್ನು ಅಂಜುಬುರುಕಿ ಅಂದುಕೊಳ್ಳುತ್ತೀರಿ. ಅವರ ಮನೆಯಲ್ಲಿ ಕುರಿಹಿಂಡು ವಲಸೆ ಹೊರಡುವ ಮುಂಚೆ ಒಬ್ಬರು ಎರಡು ದಿನದ ಹಾದಿ ಮುಂದೆ ಹೋಗುತ್ತಾರೆ. ನೀರು, ನಾಯಿ, ಯಾರ ಹೊಲದಲ್ಲಿ ಬೆಳೆ ಇದೆ, ಯಾರು ಬಡಿಗೆ ಎತ್ತುತ್ತಾರೆ, ಎಲ್ಲ ನೋಡಿ ಬರುತ್ತಾರೆ. ಬರುವಾಗ ಅಲ್ಲಿಯ ಒಂದು ಹಿಡಿ ಹುಲ್ಲನ್ನು ಕಂಬಳಿಯ ಮೂಲೆಗೆ ಗಂಟು ಹಾಕಿಕೊಂಡು ತರುತ್ತಾರೆ. ಗಂಟೆ ಕಟ್ಟಿದ ಟಗರು ಅದನ್ನು ಮೂಸಿದ ಮೇಲೆಯೇ ಹಿಂಡು ಹೊರಡುವುದು. ಇಪ್ಪತ್ತು ವರ್ಷ ಹಾಗೆ ಹೋಗಿ ಬಂದವನು ಸತ್ತೆವ್ವನ ಗಂಡ ಮಾಲಿಂಗಪ್ಪ. ಸತ್ತೆವ್ವ ಯಾವಾಗಲೂ ಹಿಂದೆ, ಕುದುರೆ, ಗಡಿಗೆ, ಮರಿಗಳ ಜೊತೆ.

ಎರಡು ವರ್ಷದ ಹಿಂದೆ ಅವನ ಮೊಣಕಾಲು ಹಿಡಿದುಕೊಂಡಿತ್ತು, ಮುಂದೆ ಹೋಗಲಾಗಲಿಲ್ಲ. ಗುರುತಿನವನೊಬ್ಬ ಫೋನಿನಲ್ಲಿ "ಬರ್ರಿ ಮಾವಾ, ಹುಲ್ಲ ಜಗ್ಗ ಐತಿ" ಅಂದ. ಫೋಟೋ ಕಳಿಸಿದ. ಫೋಟೋ ಖರೆಯೇ ಇತ್ತು. ಆದರೆ ಹಿಂದಿನ ದಿನವೇ ಯಾರೋ ಆ ಹೊಲಕ್ಕೆ ಕೀಟನಾಶಕ ಹೊಡೆದಿದ್ದರು. ಫೋಟೋಕ್ಕೆ ವಾಸನೆ ಇರುವುದಿಲ್ಲ. ಅಲ್ಲಿ ಮೇದ ನಲವತ್ತೊಂದು ಕುರಿ ಸತ್ತವು. ಆವತ್ತಿನಿಂದ ಮಾಲಿಂಗಪ್ಪ ಅಂಗಳದಲ್ಲಿ ಗೋಡೆಗೆ ಮುಖ ಮಾಡಿ ಕೂರುತ್ತಾನೆ. ಆ ಮಾತು ಎತ್ತುವುದಿಲ್ಲ.

ಸಮ್ಮೇಳನದಲ್ಲಿ ಅವಳು ಹೇಳಬೇಕಾದದ್ದು ಇದನ್ನೇ. ಗಂಡನ ಗಾಯವನ್ನು ಪರವೂರಲ್ಲಿ ಬಿಚ್ಚಬೇಕು, ಅದೂ ಫೋನಿನಲ್ಲಷ್ಟೇ ನೋಡಿದ ಊರಲ್ಲಿ. ಅವನು ಹೋಗು ಅನ್ನಲಿಲ್ಲ, ಬ್ಯಾಡ ಅನ್ನಲಿಲ್ಲ. ಅವಳಿಗೆ ಅನ್ನ ಸೇರುತ್ತಿಲ್ಲ.

೪.
ಎರಡನೇ ಡ್ರಾಫ್ಟಿನಲ್ಲಿ ನಾನು ಕಳ್ಳಾಟ ಆಡಿದೆ. ಆ ಊರಿನ ಸ್ಟೇಶನ್ನಿನಲ್ಲಿ ಕನ್ನಡ ಬಲ್ಲ ಆಟೋದವನೊಬ್ಬನನ್ನು ನಿಲ್ಲಿಸಿದೆ. ಸತ್ತೆವ್ವ ಕಥೆಯೊಳಗಿಂದಲೇ ನನ್ನ ಹಾಳೆಯ ಮೇಲೆ ಕೈ ಇಟ್ಟಳು.

"ಸರ್, ಈ ಆಟೋದಾಂವ ಖರೆ ಅದಾನೇನ್ರಿ?"

"ಇರಬಹುದು."

"ನೀವು ಆ ಊರಿಗೆ ಹೋಗೀರೇನು?"

ಇದೇ ಆ ನಾಚಿಕೆ. ನಾನು ಹುಕ್ಕೇರಿಯ ಕಾಲೇಜೊಂದರಲ್ಲಿ ಪಾಠ ಮಾಡುವವನು. ಆ ಊರಿಗೆ ಹೋದವನೇ ಅಲ್ಲ. ಮ್ಯಾಪಿನ ಮೇಲೆ ಬೆರಳಾಡಿಸುತ್ತ ಅದರ ಬೀದಿಗಳಲ್ಲಿ ಅಡ್ಡಾಡಿದ್ದೇನೆ, ಅಷ್ಟೇ.

"ಅಂದ್ರ ನೀವೂ ಫೋಟೋ ನೋಡೇ ಬರ್ರಿ ಅನ್ನಾಕತ್ತೀರಿ," ಅಂದಳು. "ಬರಿಯಾಂವ ಅಂದ್ರ ಮುಂದ ಹೋಗಿ ನೋಡಿ ಬಂದಾಂವ ಅಂತ ತಿಳದಿದ್ನಿ ನಾ."

ಆಟೋದವನನ್ನು ಗೀಟೆಳೆದು ಹೊಡೆದು ಹಾಕಿದೆ. ಪಾಪ, ಒಳ್ಳೆಯವನಿದ್ದ.

೫.
ಬೇರೆ ಮುಕ್ತಾಯಗಳೂ ಇದ್ದವು.

ಅ) ಸತ್ತೆವ್ವ ಹೋಗುವುದಿಲ್ಲ. ("ನಾ ಯಾವಾಗ ಒಲ್ಲೆ ಅಂದೆ?" ಅಂತ ಜಗಳಕ್ಕೆ ಬಂದಳು.)

ಆ) ಹೋಗುತ್ತಾಳೆ, ವೇದಿಕೆಯ ಮೇಲೆ ಅಳುತ್ತಾಳೆ, ಚಪ್ಪಾಳೆ. (ದೀಪಾ: "ನಮ್ಮವ್ವ ಅಳಾಕಿ ಅಲ್ರಿ ಸರ್, ಅಳಸಾಕಿ.")

ಇ) ನಾನೇ ಮೊದಲು ಹೋಗಿ ನೋಡಿ ಬರುತ್ತೇನೆ. ಇದನ್ನು ಬರೆಯಲೇ ಇಲ್ಲ. ನನಗೆ ಹೆದರಿಕೆಯಾಯಿತು.

೬.
ಹೊರಡುವ ಮುಂಜಾನೆ. ಚೀಲದಲ್ಲಿ ರೊಟ್ಟಿ, ಶೇಂಗಾ ಚಟ್ನಿ. ಮಾಲಿಂಗಪ್ಪ ಗೋಡೆಗೆ ಮುಖ ಮಾಡಿ ಕೂತಿದ್ದ. ಅವನಿಗೆ ನಾನು ಒಂದೂ ಮಾತು ಬರೆದಿರಲಿಲ್ಲ. ಕೊನೆಯವರೆಗೂ ಮೌನವಾಗಿದ್ದರೆ ಚೆಂದ ಅಂತ ನನ್ನ ಲೆಕ್ಕಾಚಾರ. "ಬರ್ತೀನ್ರಿ," ಅಂದು ಸತ್ತೆವ್ವ ಹೊಸ್ತಿಲು ದಾಟಿದಳು. ಆಗ ಅವನು ನನ್ನನ್ನು ಕೇಳದೆಯೇ ಮಾತಾಡಿದ.

"ಮೊದಲ ನೀರ ನೋಡು. ಆಮ್ಯಾಲ ನಾಯಿ. ಮಂದೀನ ಕಡೀಕ ನೋಡು."

ಅವಳು ನಿಂತಳು. ಅವನು ಎದ್ದು, ಗೂಟದಲ್ಲಿದ್ದ ತನ್ನ ಕಂಬಳಿ ತೆಗೆದು ಅವಳ ಹೆಗಲಿಗೆ ಹಾಕಿದ.

"ನಾ ಫೋನ್ ನಂಬಿ ಕೆಟ್ನಿ ಅಂತ ಹೇಳು. ನನ್ನ ಹೆಸರ ಹಿಡದ ಹೇಳು. ಯಾರದರ ಕುರಿ ಉಳದಾವು."

ದೀಪಾ ಅಳುತ್ತಿದ್ದಳು. ನಾನೂ.

೭.
ಘಟಪ್ರಭಾ ಸ್ಟೇಶನ್. ಚೀಲ ಹೊತ್ತು ಹೋಗಿದ್ದೆ. ರೈಲು ಬಂತು. ಬಾಗಿಲಲ್ಲಿ ನಿಂತ ಸತ್ತೆವ್ವನನ್ನು ಹೆದರಿಕೆ ಇಲ್ಲವೇ ಅಂತ ಕೇಳಿದೆ.

"ಐತಿ. ಮುಂದ ಹೋಗಾವ್ರಿಗೆ ಹೆದರಿಕಿ ಇರಬೇಕ್ರಿ. ಇಲ್ಲಂದ್ರ ಕಣ್ಣ ತೆರದ ನೋಡಂಗಿಲ್ಲ." ರೈಲು ಅಲುಗಿತು. "ನೀವು ಇಲ್ಲೇ ನಿಂದರ್ರಿ. ನಾ ನೋಡಿ ಬಂದಮ್ಯಾಲ ಬರೀರಿ."

ಆ ಊರಿನ ಬಗ್ಗೆ ಬರೆದದ್ದನ್ನೆಲ್ಲ ಅಳಿಸಿದ್ದೇನೆ. ಮಾತಾಡಿದಳೇ, ಯಾರಾದರೂ ಕೇಳಿದರೇ ಅಂತ ನೀವು ಕೇಳುತ್ತೀರಿ. ಇವತ್ತಿಗೆ ನಾಲ್ಕು ದಿನ. ದೀಪಾಳಿಗೆ ಅವ್ವನಿಂದ ಒಂದು ಫೋನ್ ಬಂದಿದೆಯಂತೆ. ಏನೆಂದಳು ಅಂತ ನಾನು ಕೇಳಲಿಲ್ಲ, ಅದು ಫೋನಿನ ಮಾತು. ಮಾಲಿಂಗಪ್ಪ ಗೋಡೆ ಬಿಟ್ಟು, ಹಾದಿಯ ಕಡೆ ಮುಖ ಮಾಡಿ ಕಟ್ಟೆಯ ಮೇಲೆ ಕೂತಿದ್ದಾನೆ. ನಾನೂ ಹೋಗಿ ಅವನ ಬಾಜೂ ಕೂತಿದ್ದೇನೆ. ನೀವೂ ಬರ್ರಿ, ಇನ್ನೊಬ್ಬರಿಗೆ ಜಾಗ ಇದೆ.