ಎಂಟನೇ ಕಾಲಮಿನ ಬಿಳೆಗೋಟು

ಬಣ್ಣ ನೋಡಿ ರೋಗ ಹಿಡಿಯುವ ಕಾರ್ಡನ್ನು ಕಪ್ಪು-ಬಿಳುಪಿನಲ್ಲಿ ಜೆರಾಕ್ಸ್ ಮಾಡಿಸಿ ಕಳಿಸಬೇಕಾದರೆ ಮನುಷ್ಯ ತುಂಬಾ ಓದಿರಬೇಕು. ಆ ಅಧ್ಯಯನದ ಮೇಲಿನವರು ಅಷ್ಟು ಓದಿದ್ದರು. ಶಿರಸಿಯ ಬಾಡಿಗೆ ಕೋಣೆಯಲ್ಲಿ ಪಾರ್ಸೆಲ್ ಬಿಚ್ಚಿದ ಶಿವರಂಜನಿ ಕಾರ್ಡನ್ನು ತಿರುಗಿಸಿ ತಿರುಗಿಸಿ ನೋಡಿದಳು.

ಅಧ್ಯಯನ ಎಳೆಮಕ್ಕಳ ಹೊಟ್ಟೆ ಮತ್ತು ಲಿವರ್ ಕಾಯಿಲೆಗಳದ್ದು. ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲ್ಲೂಕುಗಳಲ್ಲಿ ಹೊಸ ಕೂಸು ಹುಟ್ಟಿದ ಮನೆಗೆಲ್ಲ ಸ್ಕೂಟಿಯಲ್ಲಿ ಹೋಗಿ ಕಾರ್ಡು ಕೊಡುವುದು ಅವಳ ಕೆಲಸ. ಕಾರ್ಡಿನಲ್ಲಿ ಏಳು ಚೌಕ, ಏಳು ಬಣ್ಣ. ಕೂಸಿನ ಕಕ್ಕ ಯಾವ ಚೌಕಕ್ಕೆ ಹೊಂದುತ್ತದೆಂದು ತಾಯಿ ನೋಡಿ ಹೇಳಬೇಕು. ಮೊದಲ ಮೂರು ಮಾಸಲು ಬಣ್ಣಗಳಾದರೆ ಪಿತ್ತನಾಳ ಕಟ್ಟಿರಬಹುದು. ಅರವತ್ತು ದಿನದೊಳಗೆ ಆಪರೇಶನ್ ಆದರೆ ಒಳ್ಳೆಯದು, ತಡವಾದಷ್ಟೂ ಲಿವರ್ ಕೈಕೊಡುತ್ತದೆ. ಈಗ ನೋಡಿದರೆ ಏಳೂ ಚೌಕ ಬೂದಿ ಬಣ್ಣ.

ಅವಳು ಸುಹಾಸನಿಗೆ ಫೋನು ಮಾಡಿದಳು. ಸುಹಾಸ ನಗರದಲ್ಲಿ ಕೂತು ಅಧ್ಯಯನದ ಉಸ್ತುವಾರಿ ನೋಡುವವನು. ಘಟ್ಟದ ಮೇಲಿನ ಸಿದ್ದಾಪುರ ಸಮುದ್ರದ ದಂಡೆಯಲ್ಲಿದೆ ಎಂದು ತಿಳಿದಿದ್ದವನು. ಬಣ್ಣದ ಕಾರ್ಡು ಮೂರು ತಿಂಗಳು ಬಿಟ್ಟು ಬರುತ್ತದೆ, ಅಲ್ಲಿಯವರೆಗೆ ಫಾರಂನ ಎಂಟನೇ ಕಾಲಮಿನಲ್ಲಿ, ‘ಪಾಲಕರ ಮಾತಿನಲ್ಲಿ’ ಎಂದಿದೆಯಲ್ಲ, ಅಲ್ಲಿ ಬರೆದುಕೊಳ್ಳಿ ಎಂದು ಅವನು ಕೈ ತೊಳೆದುಕೊಂಡ.

ಭೈರುಂಬೆಯ ಸೀತಾರಾಮ ಹೆಗಡೆಯವರಿಂದ ಶುರುವಾಯಿತು. ಜೀವಮಾನವಿಡೀ ಅಡಿಕೆ ವಿಂಗಡಿಸಿದವರು. ಮೊಮ್ಮಗನ ಬಟ್ಟೆಯನ್ನು ಬೆಳಕಿಗೆ ಹಿಡಿದು, ಕನ್ನಡಕ ಏರಿಸಿ, "ಕೆಂಪುಗೋಟು ಹೇಳಿ ಬರಿ, ತಂಗಿ. ಸಂಶಯವೇ ಇಲ್ಲೆ" ಎಂದರು. ಅದು ಅಡಿಕೆಯ ಒಂದು ಜಾತಿಯ ಹೆಸರು, ಅವಳು ಹಾಗೇ ಬರೆದಳು. ಹುಲೇಕಲ್ ಮುಟ್ಟುವಷ್ಟರಲ್ಲಿ ಸುದ್ದಿ ಅವಳಿಗಿಂತ ಮುಂಚೆ ಮುಟ್ಟಿತ್ತು. ಒಬ್ಬಳು ಚಾಲಿ ಅಡಿಕೆಯ ಬಣ್ಣ ಎಂದಳು, ಇನ್ನೊಬ್ಬಳು ರಾಶಿ ಅಡಿಕೆಯದು ಎಂದಳು, ಮತ್ತೊಬ್ಬಳು ನಿನ್ನೆ ಚಾಲಿಯಿತ್ತು, ಇವತ್ತು ರಾಶಿ ಕಡೆ ತಿರುಗಿದೆ ಎಂದಳು. ಒಂದು ಮರವಿಲ್ಲದ ಮನೆಯವರೂ ಅಡಿಕೆ ಸುಲಿದ ಕೈಯವರೇ, ತಪ್ಪುವ ಮಾತಿಲ್ಲ. ಅಚ್ಚಾದ ಕಾರ್ಡಿಗಿಂತ ಇದೇ ಮೇಲು ಎಂದು ಶಿವರಂಜನಿಗೆ ಒಳಗೊಳಗೇ ಹೆಮ್ಮೆಯಾಯಿತು. ಪಾಪ, ಮುಂದಿನದು ಆಗಿನ್ನೂ ಗೊತ್ತಿರಲಿಲ್ಲ.

ತ್ಯಾಗಲಿಯಲ್ಲಿ ಸಾವಿತ್ರವ್ವನ ಮೊಮ್ಮಗಳಿಗೆ ಅಂದು ನಲವತ್ತೊಂಬತ್ತನೇ ದಿನ. ಕಣ್ಣು ಹಳದಿ. ಎಳೆಬಿಸಿಲಿಗೆ ಹಿಡಿದರೆ ಇಳಿಯುತ್ತದೆ ಎಂದು ಯಾರೋ ಹೇಳಿದ್ದರು, ಹಿಡಿಯುತ್ತಲೇ ಇದ್ದರು. ಬಣ್ಣ ಕೇಳಿದರೆ ತಾಯಿ ಭೂಮಿಕಾ ತಲೆ ತಗ್ಗಿಸಿ, ಬಿಳೆಗೋಟು ಎಂದಳು. ಅಡಿಕೆಯಲ್ಲಿ ಕಳೆಯಿಲ್ಲದ, ಬಿಳಿಚಿಕೊಂಡ ಜಾತಿ ಅದು. ಶಿವರಂಜನಿ ಬಟ್ಟೆ ನೋಡಿದಳು. ಕಾರ್ಡಿನ ಮೊದಲ ಮೂರು ಚೌಕಗಳ ಮಾಸಲು ಬಣ್ಣವೇ.

ನಗರದ ದೊಡ್ಡ ಆಸ್ಪತ್ರೆಯಲ್ಲಿ ಹೊರಗಿನವರಿಗೆ ನಲವತ್ತು ದಿನದ ಸರದಿ. ಅಧ್ಯಯನದ ಮಗುವಾದರೆ ಕೂಡಲೇ ಹಾಸಿಗೆ. ಆದರೆ ಅಧ್ಯಯನದ ಕಂಪ್ಯೂಟರು ಅಪಾಯ ಎಂದು ಕೂಗಬೇಕು. ಅದಕ್ಕೆ ಚೌಕದ ಒಂದು, ಎರಡು, ಮೂರು ಗೊತ್ತಿತ್ತು, ಬಿಳೆಗೋಟು ಗೊತ್ತಿರಲಿಲ್ಲ. ಬಣ್ಣದ ಕಾರ್ಡು ಬರುವವರೆಗೆ ಚೌಕದ ಅಂಕಿ ಬರೆಯುವ ಕಾಲಮನ್ನು ಸುಹಾಸ ಮುಚ್ಚಿಸಿದ್ದ.

ಮಾರನೇ ದಿನ ಸುಹಾಸನೇ ಫೋನು ಮಾಡಿದ. ಅವನಿಗೆ ಖುಷಿಯೋ ಖುಷಿ. ಎಂಬತ್ತಮೂರು ಎಳೆಗೂಸುಗಳು ಅಡಿಕೆ ತಿನ್ನುತ್ತಿವೆ, ಅದೂ ಜಾತಿವಾರು, ಜಗತ್ತಿನಲ್ಲೇ ಇದು ಮೊದಲು, ವಿದೇಶದ ಸಮ್ಮೇಳನಕ್ಕೆ ಪ್ರಬಂಧ ಹೋಗುತ್ತಿದೆ ಎಂದ. ಅದು ತಿಂದದ್ದಲ್ಲ, ಬಣ್ಣ ಎಂದಳು ಇವಳು. ಬಣ್ಣಗಳ ಹೆಸರೆಲ್ಲ ನಮ್ಮ ಪಟ್ಟಿಯಲ್ಲಿವೆ, ಇದು ಅದರಲ್ಲಿಲ್ಲ ಎಂದ ಅವನು. ಹಲ್ಲೇ ಬಾರದ ಕೂಸು ಅಡಿಕೆ ಹೇಗೆ ತಿಂದೀತು ಎಂದು ಕೇಳಿದಳು. ಅದನ್ನೇ ನಾವು ಸಂಶೋಧಿಸಬೇಕಾಗಿದೆ ಎಂದ. ತ್ಯಾಗಲಿಯ ಮಗುವಿನ ಬಗ್ಗೆ ಅಧ್ಯಯನದ ಸಮಿತಿ ಆಗಲೇ ತೀರ್ಮಾನಿಸಿತ್ತು: ಹದಿನಾಲ್ಕು ದಿನ ಅಡಿಕೆ ನಿಲ್ಲಿಸಿ ನೋಡುವುದು. ಅಲ್ಲಿಗೆ ಕೂಸಿಗೆ ಅರವತ್ನಾಲ್ಕನೇ ದಿನ.

ಸಿದ್ದಾಪುರ ಬಸ್‌ಸ್ಟ್ಯಾಂಡಿನ ಕಂಬಕ್ಕೆ ಒರಗಿ ಅವಳು ಸಿಟ್ಟಿನಲ್ಲಿ ಅತ್ತಳು. ಮೂಗು ಒರೆಸಿಕೊಂಡು ಮತ್ತೆ ಫೋನು ಹಚ್ಚಿದಳು. ಮೂರು ತಾಲ್ಲೂಕಿನಲ್ಲೇ ಅತಿ ಹೆಚ್ಚು ಅಡಿಕೆ ತಿಂದ ಮಗು ತ್ಯಾಗಲಿಯದ್ದು, ಲಿವರ್ ಕೆಟ್ಟಿರುವ ಹಾಗಿದೆ ಎಂದಳು. ಪ್ರಬಂಧಕ್ಕೆ ಅಂಥ ಮಗು ಬೇಕೇ ಬೇಕು ಎಂದ ಅವನು. ಆಮೇಲೆ ಆ್ಯಂಬುಲೆನ್ಸು, ಹಾಸಿಗೆ, ಡಾಕ್ಟರು ಎಲ್ಲವೂ ಸಾಲಾಗಿ ಹೊರಟವು. ಅಡಿಕೆ ತಿನ್ನಿಸಿದವರ ಸಹಿಯೊಂದು ಬೇಕು, ಅಷ್ಟೇ ಎಂದ ಸುಹಾಸ.

ಭೂಮಿಕಾಳ ಸಹಿ ಹಾಕಿಸಿದರೆ ತಾಯಿಯನ್ನೇ ಮಗುವಿನಿಂದ ದೂರ ಇಟ್ಟಾರು ಎಂಬ ಭಯಕ್ಕೆ ಶಿವರಂಜನಿ ಕಾಗದವನ್ನು ಅಜ್ಜಿಯ ಮುಂದಿಟ್ಟಳು. ಸಾವಿತ್ರವ್ವ ಕಾಗದವನ್ನು ಒಂದೊಂದೇ ಅಕ್ಷರ ಕೂಡಿಸಿ ಓದಿದಳು. ಕೂಸಿನ ಬಾಯಿಗೆ ನೀರಿನ ಹನಿ ಹಾಕಲೂ ಹೆದರುವ ಅಜ್ಜಿ ಅವಳು.

"ಇದ್ರಲ್ಲಿ ನಾನೇ ತಿನ್ಸಿದ್ದು ಅಂತದೆ, ಅಲ್ದ?"

ಹೌದು, ಕೂಸಿಗೆ ಹಾಸಿಗೆ ಸಿಗಲಿ ಎಂದು ಬರೆದ ಸುಳ್ಳು ಎಂದಳು ಶಿವರಂಜನಿ.

"ಪೆನ್ನು ಕೊಡು ತಂಗಿ. ಗಾಡಿ ಬರೂದ್ರೊಳಗೆ ಆಗ್ಲಿ."

ನಗರದ ಸರ್ಜನ್ ಅಡಿಕೆಯ ಕತೆ ಓದಲೇ ಇಲ್ಲ. ಬಟ್ಟೆ ನೋಡಿದರು, ಪರೀಕ್ಷೆ ಮಾಡಿಸಿದರು, ಐವತ್ತೈದನೇ ದಿನ ಆಪರೇಶನ್ ಮಾಡಿದರು. ಒಂಬತ್ತು ದಿನಕ್ಕೆ ಕಕ್ಕಕ್ಕೆ ಬಣ್ಣ ಬಂತು. ಮುಂದೆ ಹೇಗೋ ಹೇಳಲಾರೆ, ಈಗಂತೂ ಪಿತ್ತ ಹರಿಯುತ್ತಿದೆ ಎಂದರು. ಶಿವರಂಜನಿ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಎರಡು ಮಸಾಲೆ ದೋಸೆ ತಿಂದಳು.

ಆಮೇಲೆ ಸಮಿತಿಯ ಆದೇಶ ಬಂತು. ಅಡಿಕೆ ತಿನ್ನಿಸಿದ ವ್ಯಕ್ತಿ ಆರು ತಿಂಗಳು ಮೇಲ್ವಿಚಾರಕರ ಎದುರಲ್ಲದೆ ಮಗುವನ್ನು ಮುಟ್ಟತಕ್ಕದ್ದಲ್ಲ. ಮೇಲ್ವಿಚಾರಕರು: ಶಿವರಂಜನಿ. ತಾನು ಹೇಳಿದ್ದು ಸುಳ್ಳು, ಆ ಹೆಂಗಸು ಏನೂ ತಿನ್ನಿಸಿಲ್ಲ ಎಂದು ಅವಳು ಮೂರು ಸಲ ಬರೆದಳು. ಸ್ಥಳೀಯ ಸಿಬ್ಬಂದಿ ಇಂಥದ್ದನ್ನು ಮುಚ್ಚಿಡುವುದು ನಿರೀಕ್ಷಿತ ಎಂದು ಉತ್ತರ ಬಂತು. ಆ ಮಾತು ಪ್ರಬಂಧದಲ್ಲೂ ಸೇರಿತಂತೆ.

ಊರಿನಲ್ಲಿ ಸಾವಿತ್ರವ್ವ ದಾರಿಯಲ್ಲಿ ಕಂಡರೆ ಹೆಂಗಸರು ಮಕ್ಕಳನ್ನು ಒಳಗೆ ಕರೆದುಕೊಳ್ಳತೊಡಗಿದರು. ಮನೆಯಲ್ಲಿ ಯಾರೂ ನೋಡುವವರಿಲ್ಲ, ಎತ್ತಿಕೋ ಎಂದು ಶಿವರಂಜನಿ ಎಷ್ಟು ಹೇಳಿದರೂ ಅವಳು ಕೇಳಲಿಲ್ಲ. ಸಹಿ ಹಾಕಿ ಮಾತು ಮುರಿದರೆ ಆಸ್ಪತ್ರೆಯವರು ಕೂಸಿನ ಔಷಧಿ ನಿಲ್ಲಿಸುತ್ತಾರೆ ಎಂಬುದು ಅವಳ ತಲೆಯಲ್ಲಿ ಕೂತುಬಿಟ್ಟಿತ್ತು. ಕೂಸು ಅತ್ತರೆ ಎರಡು ಮಾರು ದೂರ ನಿಂತು ಹಾಡು ಹೇಳುತ್ತಿದ್ದಳಂತೆ.

ಮೇಲ್ವಿಚಾರಣೆಗೆಂದು ಗುರುವಾರ ಶಿವರಂಜನಿ ಹೋದಾಗ ಸಾವಿತ್ರವ್ವ ಮೊಣಕೈವರೆಗೆ ಕೈ ತೊಳೆದುಕೊಂಡು ಜಗಲಿಯಲ್ಲಿ ಕಾದಿದ್ದಳು. ಮೂವತ್ತು ವರ್ಷದ ಎಲೆಯಡಿಕೆ ಕವಳದ ಚಟ ಬಿಟ್ಟಿದ್ದಳು. ಎದುರು ಬಂದು, ಡಾಕ್ಟರಿಗೆ ತೋರಿಸುವಂತೆ ಬಾಯಿ ಅಗಲಿಸಿದಳು. ಒಳಗೇನೂ ಇರಲಿಲ್ಲ. ಶಿವರಂಜನಿಗೆ ನಾಚಿಕೆಯಿಂದ ಸತ್ತು ಹೋಗುವಂತಾಯಿತು.

"ತಂಗಿ, ಈಗ ಎತ್ಕಳ್ಲ?"

ಶಿವರಂಜನಿ ಭೇಟಿಯ ಫಾರಂನಲ್ಲಿ ನಿಯಮದ ಇಪ್ಪತ್ತು ನಿಮಿಷ ಎಂದು ಬರೆದು ಸಹಿ ಹಾಕಿದಳು. ಆಮೇಲೆ ವಾಚು ಬಿಚ್ಚಿ ಚೀಲದೊಳಗೆ ಹಾಕಿ, ಸಂಜೆಯವರೆಗೂ ಅಲ್ಲೇ ಕೂತಳು.