ಗುಮಾಸ್ತನ ಬಾಯಿ ಕಟ್ಟಿಸಿದ ಯಜಮಾನರು

ಯಜಮಾನರಿಗೆ ಒಂದು ಖಯಾಲಿ. ಕಂಪ್ಯೂಟರಿಗೆ ಏನೇ ಹೊಸದು ಬರಲಿ, ಜಗತ್ತಿಗೆಲ್ಲ ಸಿಗುವ ಮುಂಚೆ ತಮಗೆ ಸಿಗಬೇಕು. ಇನ್ನೂ ಬಿಡುಗಡೆಯೇ ಆಗದ, ಅರೆಬೆಂದ ಆಪರೇಟಿಂಗ್ ಸಿಸ್ಟಂಗಳನ್ನು ಹಾಕಿ ಹಾಕಿ ತಮ್ಮ ಕಂಪ್ಯೂಟರನ್ನು ಹೋದ ತಿಂಗಳೇ ಹಳ್ಳ ಹಿಡಿಸಿದ್ದರು. ಅಷ್ಟಕ್ಕೆ ಸುಮ್ಮನಿರುವ ಜೀವವೇ ಅದು? ಹೆಂಡತಿ ತಂಗಿಯ ಮನೆಗೆ ಹೋಗಿದ್ದ ಸಮಯ ನೋಡಿ ಅವಳ ಕಂಪ್ಯೂಟರಿಗೇ ಕೈ ಹಾಕಿದರು. ಅದೂ ಉಡುಗೊರೆಯಂತೆ!

ಅವಳಿಗೆ ಹುಟ್ಟಿನಿಂದಲೇ ಕಣ್ಣು ಕಾಣದು. ಡಾಕ್ಟರುಗಳು ಮಾತಾಡಿ ರೆಕಾರ್ಡ್ ಮಾಡಿ ಕಳಿಸಿದ್ದನ್ನು ಕೇಳಿಸಿಕೊಂಡು ವರದಿ ಟೈಪ್ ಮಾಡುವುದು ಅವಳ ಕೆಲಸ, ಹದಿನಾಲ್ಕು ವರ್ಷದಿಂದ. ಪರದೆಯ ಮೇಲೆ ಏನಿದ್ದರೂ ಕಂಪ್ಯೂಟರಿನೊಳಗಿನ ಒಂದು ಧ್ವನಿ ಅವಳಿಗೆ ಗಡಗಡ ಓದಿ ಹೇಳುತ್ತಿತ್ತು. ಅದಕ್ಕೆ ಅವಳು ಇಟ್ಟ ಹೆಸರು ಗುಮಾಸ್ತ.

ತಂಗಿಯ ಮನೆಯಿಂದ ಬಂದ ಮರುದಿನ ಬೆಳಿಗ್ಗೆ ಎಂಟಕ್ಕೆ ಕೂತು ಗುಂಡಿ ಒತ್ತಿದಳು. ಫ್ಯಾನ್ ತಿರುಗಿದ ಸದ್ದು ಬಂತು. ಗುಮಾಸ್ತ ತುಟಿಪಿಟಕ್ಕೆನ್ನಲಿಲ್ಲ.

"ನೋಡು, ನೋಡು! ಪರದೆ ಮೇಲಿನ ಕಿಟಕಿಗಳೆಲ್ಲ ಗಾಜಿನ ಹಾಗಿವೆ. ಹಿಂದಿರೋದೂ ಕಾಣುತ್ತೆ!" ಎಂದರು ಯಜಮಾನರು.

"ಯಾರಿಗೆ ರೀ?"

ಯಜಮಾನರ ಉತ್ಸಾಹ ಜರ್ರನೆ ಇಳಿಯಿತು. ಅಲ್ಲಿ ಇಲ್ಲಿ ಒತ್ತಿ ನೋಡಿದರು. ಓದುವ ಧ್ವನಿಯನ್ನು ಈ ಹೊಸ ಸಿಸ್ಟಂಗೆ ಇನ್ನೂ ಸೇರಿಸಿಲ್ಲವಂತೆ, ಮುಂದೆ ಯಾವಾಗಲೋ ಬರುತ್ತದಂತೆ.

"ನೀವು ಲಿಫ್ಟ್ ರಿಪೇರಿ ಮಾಡೋರು. ಪರೀಕ್ಷೆ ಮಾಡದ ಹಗ್ಗ ಹಾಕಿ ಜನರನ್ನ ಹತ್ತಿಸ್ತೀರಾ?"

"ಛೆ ಛೆ! ಕೆಲಸ ಹೋಗುತ್ತೆ!"

"ನನಗೂ ಹಾಗೇ ರೀ," ಎಂದಳು. ಜ್ವರ ಬಂದು ಎರಡು ಸಲ ತಡವಾದಾಗಲೇ ಆಸ್ಪತ್ರೆಯ ರೆಕಾರ್ಡ್ ರೂಮಿನ ಮೇಡಂ ಖಡಾಖಂಡಿತವಾಗಿ ಹೇಳಿದ್ದರು, ಇನ್ನೊಂದು ಸಲ ತಡವಾದರೆ ಕೆಲಸ ಬೇರೆಯವರಿಗೆ. ಇವತ್ತು ಹನ್ನೊಂದು ವರದಿ ಸಂಜೆ ನಾಲ್ಕರೊಳಗೆ ಹೋಗಬೇಕು.

ಹಳೆಯ ಸಿಸ್ಟಂ ವಾಪಸ್ ಹಾಕೋಣವೆಂದರೆ ಐದಾರು ತಾಸು ಬೇಕು, ವರದಿಗೆ ಹೊತ್ತೇ ಉಳಿಯದು. ಪುಕ್ಕಟೆ ಸಿಗುವ ಇನ್ನೊಂದು ಸಿಸ್ಟಂ ಯಜಮಾನರ ಪೆನ್‌ಡ್ರೈವಿನಲ್ಲಿತ್ತು. ಅದನ್ನು ಚುಚ್ಚಿದರೆ ಧ್ವನಿಯೇನೋ ಬಂತು, ಮೂಗು ಕಟ್ಟಿದವರು ಮಾತಾಡಿದಂತೆ. ಆದರೆ ಆಸ್ಪತ್ರೆಯ ವರದಿಯ ನಮೂನೆ ಅದರಲ್ಲಿ ಜಪ್ಪಯ್ಯ ಅಂದರೂ ತೆರೆದುಕೊಳ್ಳಲಿಲ್ಲ. ಮೂರನೆಯ ಸಿಸ್ಟಂ ಒಂದು ಬಲು ಚೆನ್ನಾಗಿದೆಯಂತೆ, ಆದರೆ ಅದಕ್ಕೆ ಹೊಸ ಕಂಪ್ಯೂಟರೇ ಬೇಕು.

"ಸರಿ, ಆ ಗಾಜಿನ ಕಿಟಕಿಯದೇ ಇರಲಿ, ಕುರ್ಚಿ ಎಳಕೊಳ್ಳಿ. ಇವತ್ತು ನೀವೇ ಗುಮಾಸ್ತ," ಎಂದಳು.

ಯಜಮಾನರು ಲಿಫ್ಟಿನವರಿಗೆ ರಜೆ ಹೇಳಿ ಕೂತರು. ಅವಳು ಒಂದು ಕಿವಿಯಲ್ಲಿ ಡಾಕ್ಟರನ್ನು ಕೇಳುತ್ತ ಟೈಪ್ ಮಾಡುವುದು, ಇನ್ನೊಂದು ಕಿವಿಗೆ ಇವರು ಪರದೆ ಓದುವುದು. ಮೊದಲ ಗಂಟೆಯಂತೂ ದೇವರಿಗೇ ಪ್ರೀತಿ.

"ಯಕೃತ್ತು ಸಾಮಾನ್ಯ ಗಾತ್ರದಲ್ಲಿದೆ. ಸದ್ಯ, ಬದುಕಿದ!"

"ನಿಮ್ಮ ಅಭಿಪ್ರಾಯ ಯಾರು ಕೇಳಿದ್ರು? ಇದ್ದಿದ್ದನ್ನ ಓದಿ."

"ಮೂತ್ರಪಿಂಡದಲ್ಲಿ ಕಲ್ಲು. ಅಯ್ಯೋ ಪಾಪ..."

"ರೀ!"

ಬರಬರುತ್ತ ಕೈ ಕೂಡಿ ಬಂತು. ನಡುನಡುವೆ ಅವಳು "ಕೇಳಿಸಲಿಲ್ಲ, ಇನ್ನೊಂದು ಸಲ ಓದಿ" ಅನ್ನುವುದು, ಇವರು ಮತ್ತೆ ಓದುವುದು. ಮಧ್ಯಾಹ್ನ ಎರಡರ ಹೊತ್ತಿಗೆ ಎಂಟು ವರದಿ ಹೋದವು. ಒಂಬತ್ತನೆಯದು, ಹತ್ತನೆಯದು ಮುಗಿಯುತ್ತ ಬಂದವು. ಅಷ್ಟರಲ್ಲಿ ಫ್ಯಾನ್ ಸದ್ದು ಗಪ್ಪನೆ ನಿಂತು, ಮತ್ತೆ ಶುರುವಾಯಿತು.

"ಏನಾಯ್ತು?"

"ತಾನಾಗೇ ಆಫ್ ಆಗಿ ಆನ್ ಆಯ್ತು. ಎರಡೂ ವರದಿ ಅಳಿಸಿ ಹೋದವು ಕಣೇ."

"ಹಾಳು ಸಿಸ್ಟಂ!" ಅವಳಿಗೆ ಅಳುವೇ ಬಂತು. "ಮುಂಚೆ ಒಂದು ಮಾತು ಹೇಳೋದು ಬೇಡವಾ ಅದು?"

ಯಜಮಾನರು, "ಹೇಳಿತ್ತು," ಎಂದರು. "ಹತ್ತು ನಿಮಿಷದಲ್ಲಿ ಆಫ್ ಆಗ್ತೀನಿ ಅಂತ ಪರದೆ ಮೇಲೆ ಚೌಕ ಬಂತು. ಇಂಥವು ದಿನಾ ಬರ್ತಾವೆ ಅಂತ ನಿನಗೆ ಓದಿ ಹೇಳದೆ ಒತ್ತಿ ಕಳಿಸಿಬಿಟ್ಟೆ. ತಪ್ಪು ಅದರದಲ್ಲ, ನನ್ನದು."

ಅವಳಿಗೆ ಮೈಯೆಲ್ಲ ಉರಿಯಿತು. ಓದಿ ಹೇಳದೆ ಬಿಟ್ಟಿದ್ದು ತನ್ನ ಪಾಲಿಗೆ ಇಲ್ಲವೇ ಇಲ್ಲ ಎಂಬುದು ಮದುವೆಯಾಗಿ ಇಷ್ಟು ವರ್ಷವಾದರೂ ಇವರಿಗೆ ಹೊಳೆದಿಲ್ಲವಲ್ಲ! ಬಾಯಿಗೆ ಬಂದದ್ದನ್ನೆಲ್ಲ ಅಂದಳು. ಯಜಮಾನರು ತಲೆ ತಗ್ಗಿಸಿ ಅನ್ನಿಸಿಕೊಂಡರು. ಅಂದು ಮುಗಿಸಿದ ಮೇಲೆ ಅವಳಿಗೆ ಇನ್ನೊಂದು ಹೊಳೆಯಿತು. ಇವರು ಬಾಯಿ ಬಿಡದೆ ಇದ್ದಿದ್ದರೆ ತನಗೆ ಗೊತ್ತೇ ಆಗುತ್ತಿರಲಿಲ್ಲ. ಸಿಸ್ಟಂ ತಲೆಗೆ ಕಟ್ಟಿ ಪಾರಾಗಬಹುದಿತ್ತು ಮಹಾನುಭಾವರು.

"ಓದಿ, ಮತ್ತೆ ಶುರು ಮಾಡೋಣ," ಎಂದಳು.

ಆಮೇಲೆ ನೋಡಬೇಕಿತ್ತು ಯಜಮಾನರ ಓದು! ಮೂಲೆಯ ಗಡಿಯಾರ, ಕಸದ ಬುಟ್ಟಿ, ಅಲ್ಪವಿರಾಮ, ಖಾಲಿ ಸಾಲು ಒಂದೂ ಬಿಡಲಿಲ್ಲ. ನಾಲ್ಕಕ್ಕೆ ಎರಡು ನಿಮಿಷ ಇದ್ದಾಗ ಹನ್ನೊಂದನೆಯ ವರದಿ ಹೋಯಿತು. "ಬಂತಮ್ಮ, ಎಲ್ಲಾ ಸರಿಯಾಗಿದೆ," ಎಂದು ಮೇಡಂ ಫೋನಿನಲ್ಲಿ ಹೇಳಿದಾಗ ಅವಳು ಕುರ್ಚಿಗೆ ಒರಗಿ ಉಸಿರು ಬಿಟ್ಟಳು.

ರಾತ್ರಿ ಊಟದ ಹೊತ್ತಿಗೆ ಯಜಮಾನರು ಹಳೆಯ ಸಿಸ್ಟಂ ವಾಪಸ್ ಹಾಕಿದರು. ಗುಮಾಸ್ತ ಗಡಗಡ ಶುರು ಹಚ್ಚಿಕೊಂಡ.

"ಹಾಗಾದ್ರೆ ಈ ತಗಡು ಧ್ವನಿಯೇ ವಾಸಿ ಅನ್ನು," ಎಂದರು. ಓದಿ ಓದಿ ಗಂಟಲು ಕಟ್ಟಿತ್ತು, ಮಾತಿನಲ್ಲಿ ಮುನಿಸೂ ಇತ್ತು.

"ಕೆಲಸಕ್ಕೆ ಅದೇ ವಾಸಿ. ನೀವು ತಪ್ಪು ಒಪ್ಪಿಕೊಂಡ್ರಿ ಅಂತ ನಂದೂ ಒಂದು ಹೇಳ್ತೀನಿ," ಎಂದು ಅವರ ಕೈ ಹುಡುಕಿ ಹಿಡಿದಳು. "ಮಧ್ಯಾಹ್ನ 'ಕೇಳಿಸಲಿಲ್ಲ, ಇನ್ನೊಂದು ಸಲ ಓದಿ' ಅಂತ ಅಷ್ಟು ಸಲ ಅಂದೆನಲ್ಲ ರೀ, ಮೊದಲ ಸಲವೇ ಕೇಳಿಸಿತ್ತು."